ಕೇಳದೆ ಬಿಟ್ಟ ಹನ್ನೊಂದು ಪ್ರಶ್ನೆ

ಅವಳ ಕೈಯಿಂದ ಶಬ್ದ ಬರುತ್ತಿರಲಿಲ್ಲ.

ಮೂರನೇ ಮಹಡಿಯ ಆ ಉದ್ದನೆಯ ಹಾಲಿನಲ್ಲಿ ಎಂಟು ಮಂಚಗಳಿದ್ದವು. ಮಂಚಕ್ಕೆ ಇಬ್ಬರಂತೆ ಹದಿನಾರು ಮಂದಿ ಫಿಸಿಯೋಥೆರಪಿಸ್ಟರು. ಒಬ್ಬರು ಮಲಗಬೇಕು, ಇನ್ನೊಬ್ಬರು ಕಲಿಯಬೇಕು, ಆಮೇಲೆ ಅದಲುಬದಲು. ಆರು ವಾರ, ಪ್ರತಿ ಶನಿವಾರ ಭಾನುವಾರ, ಒಬ್ಬರ ಬೆನ್ನೇ ಇನ್ನೊಬ್ಬರಿಗೆ ಪಠ್ಯಪುಸ್ತಕ. ಬಿಗಿದುಕೊಂಡ ಕೀಲನ್ನು ಬೆರಳ ತುದಿಯಿಂದ ಹುಡುಕಬೇಕು. ಇನ್ನು ನಾನು ಬರಲಾರೆ ಎಂದು ಅದು ನಿಂತುಬಿಡುವ ಕಡೆಯ ತನಕ ಮೆಲ್ಲಗೆ ಒಯ್ಯಬೇಕು. ಅಲ್ಲಿಂದ ರೆಪ್ಪೆ ಬಡಿಯುವಷ್ಟರಲ್ಲಿ ಒಂದು ಚಿಕ್ಕ ತಳ್ಳು. ಕೀಲು ಬಿಟ್ಟುಕೊಟ್ಟರೆ 'ಟಕ್' ಎನ್ನುತ್ತದೆ. ಉಳಿದ ಏಳು ಮಂಚಗಳಿಂದ ಆ ಸದ್ದು, ಹಿಂದೆಯೇ ಒಂದು ನಗು, ಇಡೀ ದಿನ ಕೇಳಿಬರುತ್ತಿತ್ತು. ಅವಳ ಮಂಚ ಮಾತ್ರ ಮೌನವ್ರತ ಹಿಡಿದಂತೆ ಇರುತ್ತಿತ್ತು.

ಅದಕ್ಕೇ ಅವಳಿಗೆ ಮೌನಿ ಎಂದು ಹೆಸರು ಬಿತ್ತು. ಇಟ್ಟವನು ಅವಳ ಜೊತೆಗಾರ. ಯಾವುದೋ ಆಟಗಾರರ ತಂಡಕ್ಕೆ ಫಿಸಿಯೋ ಆಗಿದ್ದ ಆ ದಢೂತಿ ಮನುಷ್ಯ ಮುಟ್ಟಿದ ಕೀಲೆಲ್ಲ ಸಿಡಿಯುತ್ತಿದ್ದುದರಿಂದ ಅವನನ್ನು ಎಲ್ಲರೂ ಪಟಾಕಿ ಎನ್ನುತ್ತಿದ್ದರು.

"ಮೌನಿ ಮೇಡಂ, ಕೈಗೆ ಸೈಲೆನ್ಸರ್ ಹಾಕ್ಸಿದ್ದೀರಾ?" ಎಂದು ಅವನು ಬೋರಲು ಮಲಗಿದಲ್ಲಿಂದಲೇ ಕೇಳುತ್ತಿದ್ದ. "ನನ್ನ ಬೆನ್ನು ಪಾಪ ಬಾಯಿ ತೆರೆದು ಕಾಯ್ತಾ ಇದೆ."

"ನಿಮ್ಮ ಬೆನ್ನಿಗೆ ಬಾಯಿ ಜಾಸ್ತಿ. ಸುಮ್ನೆ ಮಲ್ಕೊಳ್ಳಿ," ಎಂದು ಅವಳೂ ನಗುತ್ತಿದ್ದಳು. ನಗು ತುಟಿಯ ಮೇಲಿನದು. ಒಳಗೆ ಮುಳ್ಳು ಮುರಿದಂತಾಗಿರುತ್ತಿತ್ತು.

ಕಲಿಸುತ್ತಿದ್ದ ದೊಡ್ಡ ಮೇಡಂ ಅರವತ್ತು ದಾಟಿದ ಪುಟ್ಟ ಹೆಂಗಸು. ಮಂಚದ ಪಕ್ಕ ನಿಲ್ಲಲು ಅವರಿಗೆ ಒಂದು ಮಣೆ ಬೇಕಾಗುತ್ತಿತ್ತು. ಆ ಮಣೆಯನ್ನು ಕಾಲಿನಿಂದಲೇ ತಳ್ಳಿಕೊಂಡು ಮಂಚದಿಂದ ಮಂಚಕ್ಕೆ ಬರುತ್ತಿದ್ದರು. ಶಬ್ದ ಬಂದ ಕಡೆ ಯಾರಾದರೂ ಚಪ್ಪಾಳೆ ತಟ್ಟಿದರೆ ಅವರ ಮುಖ ಗಂಟಾಗುತ್ತಿತ್ತು.

"ಅದು ಕೀಲಿನ ನೀರಲ್ಲಿರೋ ಗುಳ್ಳೆ ಸದ್ದು. ಮೂಳೆ ಎಲ್ಲೂ ಜಾರಿರಲಿಲ್ಲ, ನೀವು ಕೂರಿಸ್ಲೂ ಇಲ್ಲ. ಗುಳ್ಳೆಗೆ ಚಪ್ಪಾಳೆ ತಟ್ಟೋದಾದ್ರೆ ಸೋಡಾ ಬಾಟಲಿ ತೆಗೆದಾಗ್ಲೂ ತಟ್ಟಿ," ಎನ್ನುತ್ತಿದ್ದರು. ಹಾಗಿದ್ದರೂ ಕೊನೆಯ ಭಾನುವಾರದ ಪರೀಕ್ಷೆಯಲ್ಲಿ ಹೊರಗಿನಿಂದ ಬರುವ ಪರೀಕ್ಷಕರು ಕಿವಿಯಿಟ್ಟು ಕಾಯುವುದು ಅದೇ ಗುಳ್ಳೆಗಾಗಿ ಎಂಬುದು ಹಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೌನಿಗೆ ಕೆಲಸ ಹೊಸದಲ್ಲ. ಔಷಧದ ಅಂಗಡಿಯ ಮೇಲಿನ ಎರಡು ಕೋಣೆಯ ಕ್ಲಿನಿಕ್ಕಿನಲ್ಲಿ ಹನ್ನೆರಡು ವರ್ಷದಿಂದ ಜನರ ಮಂಡಿ, ಭುಜ, ಸೊಂಟಗಳನ್ನು ನೋಡುತ್ತ ಬಂದವಳು. ಅವಳದು ಕೇಳುವ ಕೈ. ರೋಗಿ ಮಾತಾಡಲಿ, ಬಿಡಲಿ, ಅವಳ ಅಂಗೈ ಚರ್ಮದ ಮೇಲೆ ಒಂದು ಗಳಿಗೆ ಸುಮ್ಮನೆ ಕೂತು ಒಳಗಿನ ಬಿಗಿತದ ಮಾತನ್ನು ಕೇಳಿಸಿಕೊಳ್ಳುತ್ತಿತ್ತು. ಮುಟ್ಟುವ ಮುಂಚೆ ಕಣ್ಣು ಮುಚ್ಚಿ ಒಂದು ಉಸಿರಿನಷ್ಟು ಹೊತ್ತು ದೇವರನ್ನು ನೆನೆಯುವುದು ಅವಳ ರೂಢಿ. ರೋಗಿಗಳು ಅದನ್ನು ಆಯಾಸ ಎಂದುಕೊಳ್ಳುತ್ತಿದ್ದರು. ಆದರೆ ಈಚೀಚೆಗೆ ಅವರೇ ಕೇಳತೊಡಗಿದ್ದರು, "ಮೇಡಂ, ಎದುರುಗಡೆ ಕ್ಲಿನಿಕ್ಕಲ್ಲಿ ಟಕ್ ಅಂತ ಅನ್ನಿಸ್ತಾರಂತೆ, ನೀವು ಬರೀ ಸವರ್ತೀರಲ್ಲ?" ಸವರ್ತೀರಿ ಎಂಬ ಮಾತು ಅವಳ ಹನ್ನೆರಡು ವರ್ಷವನ್ನು ಒಂದೇ ಏಟಿಗೆ ಒರೆಸಿ ಹಾಕಿದಂತಿತ್ತು.

ನಾಲ್ಕನೇ ವಾರ ಕುತ್ತಿಗೆಯ ಪಾಠ ಶುರುವಾಯಿತು. ಅಂದು ದೊಡ್ಡ ಮೇಡಂ ಮಣೆಯ ಮೇಲೆ ಹತ್ತಲಿಲ್ಲ. ನೆಲದ ಮೇಲೇ ನಿಂತು ಹೇಳಿದರು: "ಸೊಂಟ ತಪ್ಪು ಮಾಡಿದವರನ್ನ ಕ್ಷಮಿಸುತ್ತೆ. ಕುತ್ತಿಗೆ ಕ್ಷಮಿಸಲ್ಲ. ಇಲ್ಲಿ ಮೂಳೆ ಪಕ್ಕದಲ್ಲೇ ಮೆದುಳಿಗೆ ಹೋಗೋ ರಕ್ತನಾಳ ಇದೆ. ಅದರ ಒಳಗೋಡೆ ಹರಿದಿದ್ರೆ, ಮೊದಲು ಬರೋದು ಬರೀ ಕುತ್ತಿಗೆನೋವು. ಜನ ಆ ನೋವು ಹೊತ್ಕೊಂಡು ನಿಮ್ಮ ಹತ್ರಾನೇ ಬರ್ತಾರೆ. ಅದಕ್ಕೇ ಹನ್ನೊಂದು ಪ್ರಶ್ನೆ. ಹನ್ನೊಂದೂ ಕೇಳದೆ ಕೈ ಹಾಕಿದ್ರೆ ನೀವು ನನ್ನ ವಿದ್ಯಾರ್ಥಿ ಅಲ್ಲ. ಇನ್ನೊಂದು. ಸರ್ಟಿಫಿಕೇಟು ಸಿಗೋ ತನಕ ಈ ಹಾಲಿನ ಬಾಗಿಲಾಚೆ ಯಾರ ಕುತ್ತಿಗೆನೂ ನೀವು ತಿರುಗಿಸೋ ಹಾಗಿಲ್ಲ."

ತಲೆ ಸುತ್ತುತ್ತದೆಯೇ, ಒಂದು ಎರಡಾಗಿ ಕಾಣುತ್ತದೆಯೇ, ಮಾತು ತೊದಲುತ್ತದೆಯೇ, ನುಂಗಲು ಕಷ್ಟವೇ, ಇದ್ದಕ್ಕಿದ್ದಂತೆ ಕುಸಿದು ಬಿದ್ದದ್ದುಂಟೇ, ಮುಖ ಜೋಮು ಹಿಡಿದಿದೆಯೇ, ವಾಕರಿಕೆ, ನಡೆಯುವಾಗ ಓಲಾಟ, ರಕ್ತದೊತ್ತಡ; ಈಚೆಗೆ ಪೆಟ್ಟು, ಜೋರು ಕೆಮ್ಮು, ಸೋಂಕು ಏನಾದರೂ; ಈ ನೋವು ಹೊಸದೇ, ಹಿಂದೆಂದೂ ಬಾರದಂಥದ್ದೇ. ಇಷ್ಟೇ ಹನ್ನೊಂದು. ಅಜ್ಜಿ ಹಾಡಿ ಓದುತ್ತಿದ್ದ ಪದ್ಯಗಳನ್ನು ಕೇಳಿಯೇ ಬೆಳೆದ ಮೌನಿಗೆ ಯಾವುದನ್ನೇ ಆಗಲಿ ಲಯಕ್ಕೆ ಕೂರಿಸಿದರೆ ಎರಡು ಸಲಕ್ಕೆ ಬಾಯಿಪಾಠ. ನರಗಳ ಹೆಸರು, ಸ್ನಾಯುಗಳ ಹೆಸರು, ಎಲ್ಲವನ್ನೂ ಅವಳು ಕಾಲೇಜಿನಲ್ಲಿ ಹಾಗೇ ಗೆದ್ದಿದ್ದಳು. ಹನ್ನೊಂದನ್ನೂ ನಾಲ್ಕು ಸಾಲಿಗೆ ಹೊಂದಿಸಿಕೊಂಡಳು. ಮಾರನೆಯ ದಿನಕ್ಕೆ ಅದು ನಾಲಿಗೆಯ ಮೇಲೆ ತಾನಾಗಿ ಹೊರಳುತ್ತಿತ್ತು. ಪಟಾಕಿ ಮಲಗಿದ ಕೂಡಲೇ ಅವಳು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು, ಅವನು ಅದೇ ಧಾಟಿಯಲ್ಲಿ "ಇಲ್ಲ ಇಲ್ಲ ಇಲ್ಲ ಇಲ್ಲ" ಎಂದು ತಾಳ ಹಾಕುತ್ತಿದ್ದ. ದೊಡ್ಡ ಮೇಡಂ ಒಂದು ಸಲ ದೂರದಿಂದ ನೋಡಿ, "ಅವನ ಉತ್ತರ ಕೇಳಿಸ್ತಾ ನಿನಗೆ?" ಎಂದರು. "ಕೇಳಿಸ್ತು ಮೇಡಂ," ಎಂದಳು. ಅವರು ಮಣೆ ತಳ್ಳಿಕೊಂಡು ಮುಂದೆ ಹೋದರು.

ಐದನೇ ವಾರವೂ ಅವಳ ಕೈ ಬಾಯಿ ಬಿಡಲಿಲ್ಲ. ಪರೀಕ್ಷೆಗೆ ಉಳಿದದ್ದು ಒಂದೇ ವಾರ.

ಅವಳು ಇದ್ದದ್ದು ಅಣ್ಣನ ಮನೆಯಲ್ಲಿ. ಅಣ್ಣ ಶಾಲೆಯ ವ್ಯಾನು ಓಡಿಸುತ್ತಿದ್ದ. ಅತ್ತಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆಯ ಮಿಷನ್ನು ಹಾಕಿಕೊಂಡು ಬೆಳಗಿನಿಂದ ಸಂಜೆಯ ತನಕ ತಲೆ ಬಗ್ಗಿಸಿ ಕೂರುವವರು. ಅವರು ಮದುವೆಯಾಗಿ ಆ ಮನೆಗೆ ಬಂದು ಹನ್ನೊಂದು ವರ್ಷ. ಅಷ್ಟು ವರ್ಷವೂ ಅಣ್ಣ ತಂಗಿ ಜಗಳವಾಡಿದಾಗ ನಡುವೆ ನಿಂತವರು ಅವರೇ, ಇಬ್ಬರನ್ನೂ ಗೇಲಿ ಮಾಡಿ ನಗಿಸಿದವರೂ ಅವರೇ.

ಗುರುವಾರ ಸಂಜೆ ಅವಳು ಕೆಲಸದಿಂದ ಬಂದಾಗ ಮಿಷನ್ನು ಸುಮ್ಮನಿತ್ತು. ಅತ್ತಿಗೆ ಕತ್ತಿನ ಎಡಭಾಗವನ್ನು ಹಿಡಿದುಕೊಂಡು ಕೂತಿದ್ದರು.

"ಮೂರು ದಿನದಿಂದ ಹಿಡ್ಕೊಂಡಿದೆ ಕಣೇ. ನೀನು ಅದೇನೋ ಕಲೀತಿದ್ದೀಯಲ್ಲ, ಅದನ್ನ ಮಾಡು."

"ಹಾಗೆಲ್ಲ ಮಾಡೋ ಹಾಗಿಲ್ಲ ಅತ್ತಿಗೆ. ಪರೀಕ್ಷೆ ಆಗ್ಬೇಕು."

"ಓಹೋ. ಬೀದಿಯವರ ಬೆನ್ನೆಲ್ಲ ನಿನ್ನದು, ಮನೆಯವಳ ಕತ್ತು ಮಾತ್ರ ಪರೀಕ್ಷೆ ಆಗೋ ತನಕ ಕಾಯ್ಬೇಕು. ಸರಿ ಬಿಡು, ನಿಮ್ಮಣ್ಣನ ಕೈಲೇ ತಿರುಗಿಸ್ಕೋತೀನಿ. ಸ್ಟೇರಿಂಗು ತಿರುಗಿಸಿ ಅಭ್ಯಾಸ ಇದೆ ಅವರಿಗೆ."

ಮೌನಿ ನಕ್ಕಳು. ನಗುತ್ತಲೇ ಅತ್ತಿಗೆಯ ಕತ್ತಿನ ಮೇಲೆ ಕೈಯಿಟ್ಟಳು. ಎಡಗಡೆ, ಮೇಲಿನಿಂದ ಮೂರನೆಯ ಕೀಲಿನ ಬಳಿ ಸ್ನಾಯು ಹಗ್ಗದಂತೆ ಹುರಿಗೊಂಡಿತ್ತು. ಅಷ್ಟು ಸ್ಪಷ್ಟವಾಗಿ ಪಟಾಕಿಯ ದಪ್ಪ ಕುತ್ತಿಗೆಯಲ್ಲಿ ಅವಳಿಗೆ ಒಮ್ಮೆಯೂ ಕೀಲು ಸಿಕ್ಕಿರಲಿಲ್ಲ. ಅವಳ ಬೆರಳುಗಳಿಗೆ ಆಸೆ ಹುಟ್ಟಿತು. ಅದಕ್ಕೆ ಬೇರೆ ಹೆಸರಿಲ್ಲ, ಆಸೆಯೇ.

ಒಳಕೋಣೆಯ ಹಾಸಿಗೆಯ ಮೇಲೆ ಅತ್ತಿಗೆ ಅಂಗಾತ ಮಲಗಿದರು. ಮೌನಿ ತಲೆಯ ಕಡೆ ಮಂಡಿಯೂರಿ ಕೂತಳು. "ತಲೆ ಸುತ್ತುತ್ತಾ?" ಎಂದು ಶುರುಮಾಡಿದಳು.

ಅತ್ತಿಗೆ ಕೆಳಗಿನಿಂದ ಅವಳ ಮುಖ ನೋಡಿ ಕಿಸಕ್ಕನೆ ನಕ್ಕರು. "ನನ್ನನ್ನ ಕೇಳ್ತೀಯಾ? ಹನ್ನೊಂದು ವರ್ಷದಿಂದ ನೋಡ್ತಿದ್ದೀಯ, ನನ್ನ ತಲೆ ಯಾವಾಗ ಸುತ್ತುತ್ತೆ ಅಂತ ಗೊತ್ತಿಲ್ವಾ? ನಿಮ್ಮಣ್ಣ ಲೆಕ್ಕ ಹೇಳೋಕೆ ಕೂತಾಗ."

ಇಬ್ಬರೂ ನಕ್ಕರು. ನಗು ಮುಗಿದಾಗ ಉಳಿದ ಹತ್ತು ಪ್ರಶ್ನೆಗಳು ಅವಳ ನಾಲಿಗೆಗೆ ಬರಲಿಲ್ಲ. ಹೊರಗಿನವರನ್ನು ಕೇಳಬೇಕು ಸರಿ. ಒಂದೇ ಸೂರಿನಡಿ ಉಂಡು ಮಲಗುವವರನ್ನು, ಕೆಮ್ಮಿದರೂ ಸೀನಿದರೂ ಗೋಡೆಯಾಚೆಯಿಂದ ಕೇಳಿಸುವವರನ್ನು ಏನೆಂದು ಕೇಳುವುದು? ಕಣ್ಣು ಮುಚ್ಚಿ ದೇವರನ್ನು ನೆನೆದಳು. ಅದನ್ನು ಮಾತ್ರ ಅಂದೂ ಮರೆಯಲಿಲ್ಲ.

ಮೊದಲ ಸಲ ಶಬ್ದ ಬರಲಿಲ್ಲ. ಅತ್ತಿಗೆ, "ಆಯ್ತಾ?" ಎಂದರು. "ಇನ್ನೂ ಇಲ್ಲ," ಎಂದಳು. ಕೈಯನ್ನು ಒಂದು ಕೂದಲೆಳೆಯಷ್ಟು ಮೇಲೆ ಸರಿಸಿ, ತಲೆಯನ್ನು ಇನ್ನಷ್ಟು ಓರೆ ಮಾಡಿ, ಕೀಲು ನಿಂತ ಕಡೆಯಿಂದ ಮತ್ತೆ ತಳ್ಳಿದಳು.

ಟಕ್.

ಬೆಣ್ಣೆಯೊಳಗೆ ಕಡ್ಡಿ ಮುರಿದ ಹಾಗೆ, ನಯವಾಗಿ, ಒಂದೇ ಒಂದು ಸದ್ದು. ಅವಳ ಮೈಯೆಲ್ಲ ಜುಮ್ಮೆಂದಿತು. ಅತ್ತಿಗೆ ಎದ್ದು ಕೂತು ಕತ್ತನ್ನು ಅತ್ತ ಇತ್ತ ಆಡಿಸಿ, "ಪರವಾಗಿಲ್ಲ ಕಣೇ, ಹಗುರ ಆಯ್ತು," ಎಂದರು. ಅಂದು ಊಟಕ್ಕೆ ಕೂತಾಗ ಅವಳು ತನ್ನ ಎರಡು ಅಂಗೈಗಳನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಯಾರಿಗೂ ಕಾಣದಂತೆ ನೋಡಿಕೊಂಡಳು, ಹೊಸದಾಗಿ ಬಂದ ನೆಂಟರನ್ನು ನೋಡುವ ಹಾಗೆ.

ಶುಕ್ರವಾರ ಅತ್ತಿಗೆಗೆ ತಲೆನೋವು. ಎಡಗಣ್ಣಿನ ಹಿಂದೆ ಯಾರೋ ಹೆಬ್ಬೆರಳು ಒತ್ತಿದ ಹಾಗೆ, ಎಂದರು. ಮಾತ್ರೆ ನುಂಗಿ ಮಿಷನ್ನಿಗೆ ಕೂತರು. ಮೌನಿ ಕೆಲಸಕ್ಕೆ ಹೋದಳು. ಮೊದಲ ಸಲ ತಿರುಗಿಸಿದ ಮೇಲೆ ಒಂದು ದಿನ ಹಾಗೆ ನೋಯುವುದುಂಟು ಎಂದು ಪುಸ್ತಕದಲ್ಲಿ ಓದಿದ್ದಳು. ಆ ಸಾಲನ್ನೇ ದಿನವಿಡೀ ಮನಸ್ಸಿನಲ್ಲಿ ತಿರುವುತ್ತಿದ್ದಳು. ಮನಸ್ಸಿಗೆ ಬೇಕಾದ ಸಾಲು ಎಷ್ಟು ಬೇಗ ನೆನಪಾಗುತ್ತದೆ.

ಶನಿವಾರ ಬೆಳಿಗ್ಗೆ ಅವಳು ಹಾಲಿಗೆ ಹೊರಟು ಚೀಲ ಹೆಗಲಿಗೇರಿಸಿದ್ದಳು. ಅತ್ತಿಗೆ ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದರು. ಪೋಣಿಸಲು ಆಗುತ್ತಿರಲಿಲ್ಲ. "ನೋಡು, ಈ ಕಣ್ಣು ತಾನಾಗೇ ಮುಚ್ಕೋತಿದೆ. ನಿಮ್ಮಣ್ಣ ಬೆಳಿಗ್ಗೆ ಎದ್ದವರೇ, ಏನು ಇವತ್ತು ಕಣ್ಣು ಹೊಡೀತಿದ್ದೀಯ ಅಂತ ಕೇಳಿದ್ರು," ಎಂದು ನಗಲು ನೋಡಿದರು.

ಮೌನಿ ಹತ್ತಿರ ಹೋಗಿ ಅವರ ಗಲ್ಲ ಹಿಡಿದೆತ್ತಿದಳು. ಎಡಗಣ್ಣಿನ ರೆಪ್ಪೆ ಅರ್ಧ ಬೆರಳಿನಷ್ಟೂ ಅಲ್ಲ, ಒಂದು ದಾರದಷ್ಟು ಕೆಳಗಿಳಿದಿತ್ತು. ನೋಡದವರಿಗೆ ನಿದ್ದೆಗಣ್ಣು. ಮನೆಯೊಳಗಿನ ಮಂದ ಬೆಳಕಿಗೆ ತಿರುಗಿಸಿ ನೋಡಿದಳು. ಬಲಗಣ್ಣಿನ ಪಾಪೆ ಅಗಲವಾಗಿ ಅರಳಿತ್ತು. ಎಡಗಣ್ಣಿನದು ಗುಂಡುಸೂಜಿಯ ತಲೆಯಷ್ಟಕ್ಕೇ ನಿಂತಿತ್ತು.

ರಕ್ತನಾಳದ ಗೋಡೆ ಹರಿದಾಗ ಅದರ ಮೇಲೆ ಹಬ್ಬಿದ ನರ ಸೋತು ಕಣ್ಣು ಹೀಗಾಗುತ್ತದೆ ಎಂದು ದೊಡ್ಡ ಮೇಡಂ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಹರಿದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಮಾತು ಹೋಗಬಹುದು, ಕೈಕಾಲು ಹೋಗಬಹುದು, ಜೀವವೇ ಹೋಗಬಹುದು.

"ಅಣ್ಣ, ವ್ಯಾನು ತೆಗಿ. ಅತ್ತಿಗೇನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಈಗಲೇ."

"ಏನಾಯ್ತು?"

"ಕಣ್ಣು ಸರಿಯಿಲ್ಲ. ತೆಗಿ ಅಂದ್ರೆ."

ಅಣ್ಣ ಅವಳ ಮುಖ ನೋಡಿ ಕೀಲಿಕೈ ತೆಗೆದುಕೊಂಡ. ವ್ಯಾನಿನ ಹಿಂದಿನ ಸೀಟು ಮಕ್ಕಳ ಅಳತೆಯದು. ಇಬ್ಬರೂ ಮಂಡಿ ಎದೆಗೆ ತಾಗುವಂತೆ ಕೂತರು. ಪ್ರತಿ ಗುಂಡಿಗೂ ಮೌನಿ ಅತ್ತಿಗೆಯ ಕತ್ತನ್ನೇ ನೋಡುತ್ತಿದ್ದಳು. ಅತ್ತಿಗೆ ಅವಳ ಕೈ ಅಮುಕಿದರು. ಇಂಜಿನ್ನಿನ ಸದ್ದಿನಲ್ಲಿ ಅಣ್ಣನಿಗೆ ಕೇಳಿಸದಂತೆ ಕಿವಿಯ ಬಳಿ ಹೇಳಿದರು.

"ಗುರುವಾರದ್ದು ಹೇಳ್ಬೇಡ."

"ಅತ್ತಿಗೆ..."

"ದಿಂಬು ಸರಿಯಿರ್ಲಿಲ್ಲ ಅಂತೀನಿ. ಅಷ್ಟೇ. ನಿನ್ನ ಕೆಲಸ ಹೋಗುತ್ತೆ, ಗೊತ್ತಾ? ನಿಮ್ಮಣ್ಣ ಏನು ಅಂತಾನೂ ಗೊತ್ತು ನಿನಗೆ. ತುಟಿ ಪಿಟಕ್ಕನ್ಬೇಡ."

ಸುಳ್ಳು ಬೇಡವೆಂದು ಅವಳು ಹೇಳಬೇಕಿತ್ತು. ಹೇಳಲಿಲ್ಲ. ತಾನು ಹೇಳಲಿಲ್ಲ ಎಂಬುದು ಅವಳಿಗೇ ಆಶ್ಚರ್ಯವಾಯಿತು. ಎಷ್ಟೋ ವರ್ಷದಿಂದ ತನ್ನೊಳಗೆ ಒಬ್ಬ ಒಳ್ಳೆಯವಳಿದ್ದಾಳೆ ಎಂದುಕೊಂಡಿದ್ದಳು. ಆ ಸೀಟಿನಲ್ಲಿ ಹುಡುಕಿದರೆ ಅವಳು ಸಿಗಲಿಲ್ಲ.

ತುರ್ತು ಚಿಕಿತ್ಸೆಯ ವಿಭಾಗದಲ್ಲಿ ನೀಲಿ ಪರದೆಗಳ ಸಾಲು. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವರು. ಕಣ್ಣಲ್ಲಿ ಹಿಂದಿನ ರಾತ್ರಿಯ ಕೆಲಸ ಇನ್ನೂ ಇತ್ತು. ಅತ್ತಿಗೆಯ ಕಣ್ಣಿಗೆ ಟಾರ್ಚು ಹಾಯಿಸಿ ನೋಡಿದರು. ಮೇಲೆ ಟ್ಯೂಬ್‌ಲೈಟು ಉರಿಯುತ್ತಿದ್ದ ಆ ಬೆಳಕಿನಲ್ಲಿ ಎರಡು ಪಾಪೆಗಳೂ ಚಿಕ್ಕವೇ.

"ಕುತ್ತಿಗೆಗೆ ಏನಾದ್ರೂ ಪೆಟ್ಟು ಬಿದ್ದಿತ್ತಾ?"

"ಇಲ್ಲ ಡಾಕ್ಟ್ರೇ. ದಿಂಬು ಸರಿಯಿರ್ಲಿಲ್ಲ. ಹೊಲಿಗೆ ಕೆಲಸ ನಂದು, ಕತ್ತುನೋವು ಯಾವಾಗ್ಲೂ ಇದ್ದಿದ್ದೇ," ಎಂದರು ಅತ್ತಿಗೆ. ಸುಳ್ಳು ಹೊಲಿಗೆಯಷ್ಟೇ ಅಚ್ಚುಕಟ್ಟಾಗಿತ್ತು.

"ನಿದ್ದೆ ಇಲ್ಲ ಅನ್ಸುತ್ತೆ. ಅರೆತಲೆನೋವು ಇರಬಹುದು. ಮಾತ್ರೆ ಬರೆದುಕೊಡ್ತೀನಿ, ಸೋಮವಾರ ಕಣ್ಣಿನ ವಿಭಾಗಕ್ಕೆ ತೋರಿಸಿ." ಡಾಕ್ಟರು ಚೀಟಿಗೆ ಪೆನ್ನು ತಾಗಿಸಿದರು. ಅಣ್ಣನ ಮುಖ ಅಷ್ಟಗಲವಾಯಿತು.

"ಡಾಕ್ಟ್ರೇ," ಎಂದಳು ಮೌನಿ, "ಒಂದು ಸ್ಕ್ಯಾನ್ ಮಾಡಿಸಿದ್ರೆ ಒಳ್ಳೇದಿತ್ತು. ಕುತ್ತಿಗೆ ರಕ್ತನಾಳದ್ದು."

"ಯಾಕೆ?"

ಹೇಳದೆ ದಾಟಿಬಿಡಬಹುದೆಂದು ಅವಳು ಹಾಕಿದ ಕಾಲುಸೇತುವೆಯ ಮೊದಲ ಹಲಗೆಯೇ ಮುರಿದಿತ್ತು. "ಸುಮ್ನೆ. ಒಂದು ಅನುಮಾನ," ಎಂದಳು.

"ಸುಮ್ಮನೆ ಅನುಮಾನಕ್ಕೆಲ್ಲ ಆ ಸ್ಕ್ಯಾನ್ ಮಾಡಲ್ಲಮ್ಮ. ಪೆಟ್ಟಿಲ್ಲ, ಹಳೇ ನೋವು ಅಂತ ಅವರೇ ಹೇಳ್ತಿದ್ದಾರೆ." ಪೆನ್ನು ಚೀಟಿಯ ಮೇಲೆ ಓಡತೊಡಗಿತು.

ಅತ್ತಿಗೆ ಅವಳನ್ನು ನೋಡುತ್ತಿದ್ದರು. ಒಂದು ಕಣ್ಣು ತೆರೆದು, ಒಂದು ಕಣ್ಣು ದಾರದಷ್ಟು ಮುಚ್ಚಿ. ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದರು. ಹಾಗೆ ತಲೆಯಾಡಿಸುವುದನ್ನು ಕಂಡೇ ಮೌನಿಗೆ ತಡೆಯಲಾಗಲಿಲ್ಲ. ಆ ಕುತ್ತಿಗೆ ಅಲುಗಬಾರದಿತ್ತು.

"ತಲೆ ಆಡಿಸ್ಬೇಡಿ ಅತ್ತಿಗೆ," ಎಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ, ಕ್ಲಿನಿಕ್ಕಿನಲ್ಲಿ ರೋಗಿಯ ವಿಷಯ ಹೇಳುವ ದನಿಯಲ್ಲೇ ಹೇಳಿದಳು: "ನಾನು ಫಿಸಿಯೋಥೆರಪಿಸ್ಟ್. ಗುರುವಾರ ಸಂಜೆ ಇವರ ಕುತ್ತಿಗೆಯನ್ನ ನಾನು ತಿರುಗಿಸಿದೆ. ರಭಸದಿಂದ, ಎರಡು ಸಲ. ಮೊದಲನೇದಕ್ಕೆ ಶಬ್ದ ಬರಲಿಲ್ಲ ಅಂತ ಎರಡನೇ ಸಲ. ಅದನ್ನ ಮಾಡೋಕೆ ನನಗಿನ್ನೂ ಅನುಮತಿ ಇರಲಿಲ್ಲ. ದೀಪ ಆರಿಸಿ ಕಣ್ಣು ನೋಡಿ, ಎಡ ಪಾಪೆ ಅರಳಲ್ಲ."

ಡಾಕ್ಟರು ಪೆನ್ನಿಟ್ಟು ದೀಪ ಆರಿಸಿದರು. ಮತ್ತೆ ಹಾಕಿದಾಗ ಅವರ ಮುಖದಲ್ಲಿ ನಿದ್ದೆ ಇರಲಿಲ್ಲ. ಪರದೆಯಾಚೆಗೆ ಸ್ಟ್ರೆಚರ್ ತರಲು ಕೂಗಿ ಹೇಳಿ, ಸ್ಟೂಲು ಎಳೆದುಕೊಂಡು ಕೂತು ಪ್ರಶ್ನೆಗಳನ್ನು ಕೇಳತೊಡಗಿದರು. ಒಂದೊಂದೂ ನಿಧಾನಕ್ಕೆ. ಒಂದೊಂದಕ್ಕೂ ಉತ್ತರ ಬರುವ ತನಕ ಕಾದು.

"ನುಂಗೋಕೆ ಕಷ್ಟ ಆಗುತ್ತಾ?"

"ಇಲ್ಲ."

"ಈಚೆಗೆ ಜೋರು ಕೆಮ್ಮು, ಜ್ವರ?"

"ಹೋದ ವಾರ ಪೂರ್ತಿ ಕೆಮ್ಮು ಡಾಕ್ಟ್ರೇ. ಸೋಮವಾರ ಕೆಮ್ಮಿ ಕೆಮ್ಮಿ ಕತ್ತಲ್ಲಿ ಏನೋ ಚಳಕ್ ಅಂದಹಾಗಾಯ್ತು. ಆಮೇಲೇ ನೋವು ಶುರುವಾಗಿದ್ದು."

"ಯಾವಾಗ್ಲೂ ಬರೋ ನೋವೇನಾ?"

ಅತ್ತಿಗೆಗೆ ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಇಲ್ಲ. ಇಂಥದ್ದು ಯಾವತ್ತೂ ಬಂದಿರ್ಲಿಲ್ಲ. ಇದೇ ಮೊದಲು."

ಗೋಡೆಯಾಚೆಯಿಂದ ಆ ಕೆಮ್ಮನ್ನು ವಾರವಿಡೀ ಕೇಳಿದವಳು ಮೌನಿ. ನಾಲ್ಕು ಸಾಲಿನ ಆ ಪದ್ಯಕ್ಕೆ ಉತ್ತರವೆಂಬುದೂ ಇರುತ್ತದೆ ಎಂದು ಅವಳಿಗೆ ಹೊಳೆದದ್ದು ಆಗ. ಗುರುವಾರ ಇದೇ ಬಾಯಿಗೆ ಇದೇ ಮಾತು ಬರುತ್ತಿತ್ತು, ಕೇಳಿದ್ದರೆ. ಆಗ ಅವಳ ಕೈಗಳು ತಾವಾಗಿ ಹಿಂದೆ ಸರಿದಿರುತ್ತಿದ್ದವು.

ಸ್ಟ್ರೆಚರ್ ಹೊರಟಾಗ ಅಣ್ಣ ಅದರ ಒಂದು ಬದಿ ಹಿಡಿದು ನಡೆದ. ಮೌನಿ ಇನ್ನೊಂದು ಬದಿಗೆ ಬಂದಾಗ, ನಡೆಯುತ್ತಲೇ ತಲೆಯ ಕಡೆಗೆ ಸರಿದು, ಅವಳಿಗೂ ಹೆಂಡತಿಗೂ ನಡುವೆ ತನ್ನ ಬೆನ್ನು ಬರುವಂತೆ ಮಾಡಿಕೊಂಡ.

ಸ್ಕ್ಯಾನಿನಲ್ಲಿ ಎಡಗಡೆಯ ದೊಡ್ಡ ರಕ್ತನಾಳದ ಒಳಗೋಡೆ ಒಂದು ಕಡೆ ಸೀಳಿದ್ದು ಕಂಡಿತು. ಮೆದುಳಿಗೆ ಇನ್ನೂ ಏನೂ ಆಗಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಔಷಧ ಶುರುಮಾಡಿದರು. ಕೆಲವು ದಿನ ಇಲ್ಲೇ ಇರಬೇಕು, ಆಮೇಲೆ ಆರು ತಿಂಗಳು ಜೋಪಾನ, ಸೋಮವಾರದ ತನಕ ಬಿಟ್ಟಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ದೊಡ್ಡ ಡಾಕ್ಟರು. ಅಣ್ಣ ಒಂದೇ ಪ್ರಶ್ನೆ ಕೇಳಿದ.

"ಇವಳು ತಿರುಗಿಸಿದ್ದಕ್ಕೇ ಹರಿದಿದ್ದಾ?"

"ಕೆಮ್ಮಿಗೇ ಹರಿದಿರಬಹುದು. ಇವರು ತಿರುಗಿಸಿದಾಗ ಹೆಚ್ಚಾಗಿರಬಹುದು. ಇಲ್ಲಾ ತಿರುಗಿಸಿದಾಗಲೇ ಹರಿದಿರಬಹುದು. ಅದನ್ನ ಯಾರೂ ಖಚಿತವಾಗಿ ಹೇಳೋಕಾಗಲ್ಲ."

"ಹೇಳೋಕಾಗಲ್ಲ ಅಂದ್ರೆ?"

"ಆಗಲ್ಲ ಅಂತಾನೇ."

ಇಷ್ಟೇ, ಎಂದು ಯಾರಾದರೂ ತೂಗಿ ಕೊಟ್ಟಿದ್ದರೆ ತಪ್ಪನ್ನು ತಲೆಯ ಮೇಲೆ ಹೊತ್ತು ನಡೆಯಬಹುದಿತ್ತು. ಅಳತೆ ಇಲ್ಲದ್ದನ್ನು ಹೊರುವುದು ಹೇಗೆ? ಮೌನಿ ಹೊರಗಿನ ಮೆಟ್ಟಿಲ ಬಳಿ ನಿಂತು ದೊಡ್ಡ ಮೇಡಂಗೆ ಫೋನು ಮಾಡಿದಳು. ಹಿಂದಿನಿಂದ ಹಾಲಿನ ಸದ್ದುಗಳು ಕೇಳುತ್ತಿದ್ದವು, ಪಟಾಕಿಯ ನಗುವೂ. ಎಲ್ಲವನ್ನೂ ಹೇಳಿದಳು. ಅವರು ನಡುವೆ ಬಾಯಿ ಹಾಕದೆ ಕೇಳಿದರು.

"ಎಷ್ಟನೇ ಪ್ರಶ್ನೆಗೆ ನಿಲ್ಲಿಸ್ದೆ?"

"ಮೊದಲನೇದಕ್ಕೆ. ಅದಕ್ಕೂ ಉತ್ತರ ತಗೊಳ್ಳಲಿಲ್ಲ ಮೇಡಂ. ನಗು ಬಂತು."

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಮೇಡಂ ಹಾಲಿನಿಂದ ಹೊರಬಂದಿರಬೇಕು. "ಪರೀಕ್ಷೆಗೆ ಬರೋದು ಬೇಡ. ನಾನು ಫಿಸಿಯೋ ಮಂಡಳಿಗೆ ಬರೀಬೇಕಾಗುತ್ತೆ, ಗೊತ್ತಲ್ಲ? ನೀನೂ ಬರೆದು ಕೊಡು. ಏನಾಯ್ತೋ ಹಾಗೇ." ಆಮೇಲೆ ಕೇಳಿದರು, "ಅವರಿಗೆ ಮಾತು ಸರಿಯಿದೆಯಾ?"

"ಸರಿಯಿದೆ."

"ದೇವರು ದೊಡ್ಡವನು," ಎಂದು ಇಟ್ಟುಬಿಟ್ಟರು. ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.

ವಾರ್ಡಿನಲ್ಲಿ ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಅಣ್ಣ ಔಷಧ ತರಲು ಕೆಳಗೆ ಹೋಗಿದ್ದ. ಮೌನಿ ಮಂಚದ ಕಾಲಿನ ಕಡೆ ನಿಂತಳು, ಅದಕ್ಕಿಂತ ಹತ್ತಿರ ಹೋಗಲಿಲ್ಲ.

"ಅಷ್ಟು ಹೇಳ್ಬೇಡ ಅಂದಿದ್ದೆ," ಎಂದರು ಅತ್ತಿಗೆ, ಅವಳನ್ನು ನೋಡದೆ.

"ಹೇಳದಿದ್ರೆ..."

"ಗೊತ್ತು. ಹೇಳದಿದ್ರೆ ಸೋಮವಾರಕ್ಕೆ ನಾನಿರ್ತಿರ್ಲಿಲ್ಲ. ಆ ಡಾಕ್ಟರೂ ಅದನ್ನೇ ಹೇಳಿ ಹೋದ್ರು. ಅದಕ್ಕೇ ಸಿಟ್ಟು ನನಗೆ. ನಿನ್ನ ಬೈಯೋಕೂ ಆಗಲ್ಲ, ಬಿಡೋಕೂ ಆಗಲ್ಲ." ಅತ್ತಿಗೆಯ ದನಿ ಒಡೆಯಿತು. "ನಿನ್ನ ಉಳಿಸೋಕೆ ಸುಳ್ಳು ಹೇಳ್ದೆ ಅಂದ್ಕೊಂಡ್ಯಾ? ನನಗೋಸ್ಕರ ಹೇಳಿದ್ದು. ನಿಮ್ಮಣ್ಣ ಒಂದು ಸಲ ಮಾತು ಬಿಟ್ರೆ ವರ್ಷಗಟ್ಟಲೆ ಬಿಡ್ತಾರೆ. ಒಬ್ಬರು ಈ ಕೋಣೇಲಿ, ಒಬ್ಬರು ಆ ಕೋಣೇಲಿ. ನಡುವೆ ನಾನು ಈ ಕತ್ತು ಇಟ್ಕೊಂಡು ಅತ್ತ ಇತ್ತ ತಿರುಗ್ತಾ ಇರ್ಬೇಕು. ಅದಾಗ್ಬಾರದು ಅಂತ."

ಮೌನಿ ಏನು ಹೇಳಿದರೂ ಅದು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ಮಾತಾಗುತ್ತಿತ್ತು.

"ನೋವಿತ್ತಾ ಅವತ್ತು, ತಿರುಗಿಸ್ದಾಗ?" ಎಂದಷ್ಟೇ ಕೇಳಿದಳು.

"ಎರಡನೇ ಸಲ ಇತ್ತು. ನಿನ್ನ ಮುಖ ಅಷ್ಟು ಅರಳಿತ್ತಲ್ಲ, ಹೇಳೋಕೆ ಮನಸ್ಸಾಗ್ಲಿಲ್ಲ."

ಅಣ್ಣ ಔಷಧದ ಪೊಟ್ಟಣ ಹಿಡಿದು ಬಂದ. ತಂಗಿ ಅಲ್ಲಿಲ್ಲವೆಂಬಂತೆ ಮಂಚವನ್ನು ಸುತ್ತಿಕೊಂಡು ಹೋಗಿ ಸ್ಟೂಲಿನ ಮೇಲೆ ಕೂತ. ಅವನ ಹಿಂದೆಯೇ ನರ್ಸು ಬಂದರು. ಹೊರಗೆ ಯಾರೊಂದಿಗೋ ಹರಟುತ್ತಲೇ ಬಂದ ಗಟ್ಟಿ ಹೆಂಗಸು. "ಇವರನ್ನ ಸ್ವಲ್ಪ ಮೇಲಕ್ಕೆ ಸರಿಸ್ಬೇಕು, ಕಾಲು ಕೆಳಗೆ ಬಂದುಬಿಟ್ಟಿದೆ. ನಾನು ಸೊಂಟ ಹಿಡ್ಕೋತೀನಿ. ತಲೆ ಅಲುಗಬಾರ್ದು ಅಂದಿದ್ದಾರೆ." ಸುತ್ತ ನೋಡಿ ಮೌನಿಯನ್ನು ಕಂಡು, "ನೀವು ಫಿಸಿಯೋ ಅಂತಲ್ಲ? ಬನ್ನಿ, ತಲೆ ನೀವೇ ಹಿಡೀರಿ. ನಿಮಗೆ ಹೇಳ್ಕೊಡೋದೇನಿದೆ," ಎಂದರು.

ಯಾರೂ ಅಲುಗಲಿಲ್ಲ. ಆ ವಾರ್ಡಿನಲ್ಲಿ ಒಂದು ತಲೆಯನ್ನು ಹೂವಿನಂತೆ ಎತ್ತಿಡಲು ಬಲ್ಲ ಕೈ ಎಂದರೆ ಅವಳದೇ. ಅದು ಮೂವರಿಗೂ ಗೊತ್ತಿತ್ತು. ಮೌನಿ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಅಣ್ಣನನ್ನು ನೋಡಿದಳು. ಅತ್ತಿಗೆ ಕಿಟಕಿಯನ್ನೇ ನೋಡುತ್ತಿದ್ದರು.

ಅಣ್ಣ ಎದ್ದ. ಮಂಚದ ತಲೆಯ ಕಡೆ ಹೋಗಿ ನಿಂತ. ಹೆಂಡತಿಯ ತಲೆಯ ಎರಡು ಬದಿಗೂ ಕೈ ಒಯ್ದು, ಮುಟ್ಟದೆ, ಗಾಳಿಯಲ್ಲೇ ತಡೆದ. ಸ್ಟೇರಿಂಗು ಹಿಡಿದು ದಪ್ಪಗಾದ ಬೆರಳುಗಳು ಹಿಡಿಯುವ ಜಾಗ ಹುಡುಕಿದವು.

"ಹೇಗೆ ಹಿಡೀಬೇಕು ಇದನ್ನ?" ಎಂದ. ನೆಲ ನೋಡಿಕೊಂಡು ಕೇಳಿದ. ನೆಲಕ್ಕೇ ಕೇಳಿದ ಹಾಗಿತ್ತು. ನರ್ಸು ಬಾಯಿ ತೆರೆಯುವ ಮುಂಚೆ ಮೌನಿ ಹೇಳಿದಳು.

"ಅಂಗೈ ಎರಡೂ ತಲೆ ಕೆಳಗೆ. ಬೆರಳು ಅಗಲ ಮಾಡು. ನೀನಾಗಿ ಎತ್ತಬೇಡ, ಭಾರ ತಾನಾಗಿ ನಿನ್ನ ಕೈಗೆ ಬರೋ ತನಕ ಕಾಯಿ."

ಅವನು ಕಾದ. "ಬಂತು," ಎಂದ.

"ಅತ್ತಿಗೆ, ನೋವಿದೆಯಾ?" ಎಂದು ಕೇಳಿ, ಅವಳು ನಿಂತಳು. ಅತ್ತಿಗೆ ಬೇಗ ಉತ್ತರ ಕೊಡಲಿಲ್ಲ. ನರ್ಸು ಅವಸರದಿಂದ ಇವರ ಮುಖ ಅವರ ಮುಖ ನೋಡಿದರು. ಮೌನಿ ಕದಲಲಿಲ್ಲ. ಅಣ್ಣನ ಮೊಣಕೈಯಲ್ಲಿ ಭಾರ ತೂಗುತ್ತಿತ್ತು.

"ಎಡಗಡೆ ಸ್ವಲ್ಪ," ಎಂದರು ಅತ್ತಿಗೆ.

"ಹಾಗಾದ್ರೆ ಎಡಗೈ ಇನ್ನೂ ಒಂಚೂರು ಕೆಳಗೆ ತಗೋ ಅಣ್ಣ," ಎಂದಳು.